ಸೆಂಟರ್‌ಗೆ ಎಷ್ಟು ಕೊಬ್ಬು, ಗಾರ್ಡ್‌ಗೆ ಎಷ್ಟು ತೂಕ? ಬ್ಯಾಸ್ಕೆಟ್‌ಬಾಲ್ ಆಟಗಾರರ ದೇಹ ಸಂಯೋಜನೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಸಾಗರದ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಅಂತರ ಕಾಲೇಜು ಪಂದ್ಯಾವಳಿಗೆ ತಂಡ ಕಟ್ಟುವಾಗ, ಬರಿಗಾಲಲ್ಲಿ ಹತ್ತಿ ನಿಲ್ಲುವ ಯಂತ್ರದಲ್ಲಿ ಎಲ್ಲ ಹುಡುಗರ ಕೊಬ್ಬಿನ ಪ್ರಮಾಣ ನೋಡಿದೆವು. 170 ಸೆಂ.ಮೀ. ಎತ್ತರ, 64 ಕೆ.ಜಿ. ತೂಕದ ಪಾಯಿಂಟ್ ಗಾರ್ಡ್‌ಗೆ ಶೇ. 11 ಬಂತು, 186 ಸೆಂ.ಮೀ. ಎತ್ತರ, 88 ಕೆ.ಜಿ. ತೂಕದ ಸೆಂಟರ್‌ಗೆ ಶೇ. 19 ಬಂತು. ಪಂದ್ಯಾವಳಿಗೆ ಇನ್ನು ಆರು ವಾರವಿದೆ. ನಮ್ಮ ತರಬೇತುದಾರರು ಅಮೆರಿಕದ ಕಾಲೇಜು ಆಟಗಾರರ ಪಟ್ಟಿಯೊಂದನ್ನು ತೋರಿಸಿ, ಅಷ್ಟರೊಳಗೆ ಸೆಂಟರ್ ಹುಡುಗನನ್ನು ಶೇ. 12ಕ್ಕೆ ಇಳಿಸಲೇಬೇಕು ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಆರು ವಾರದ ಆ ಯೋಜನೆಯನ್ನು ದಯವಿಟ್ಟು ಕೈಬಿಡಿ. ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಬಗೆಯ ಒತ್ತಡ ನಮ್ಮ ಭಾಗದ ಹಲವು ಕಾಲೇಜುಗಳಲ್ಲಿ ಆಟಗಾರರ ಮೇಲೆ ಬೀಳುತ್ತಿದೆ.

ನಿಮ್ಮ ತಂಡದಲ್ಲಿ ಕಂಡ ವ್ಯತ್ಯಾಸ ಹೊಸದೇನೂ ಅಲ್ಲ. ಕಾಲೇಜು ಮಟ್ಟದ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಅಳೆದಾಗ ಸಾಮಾನ್ಯವಾಗಿ ಇದೇ ಕ್ರಮ ಕಾಣುತ್ತದೆ: ಗಾರ್ಡ್‌ಗಳು ಕುಳ್ಳಗೆ, ಹಗುರಾಗಿ, ಕಡಿಮೆ ಕೊಬ್ಬಿನವರಾಗಿರುತ್ತಾರೆ, ಫಾರ್ವರ್ಡ್‌ಗಳು ಈ ಅಳತೆಗಳಲ್ಲಿ ನಡುವೆ ಬರುತ್ತಾರೆ, ಸೆಂಟರ್‌ಗಳು ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಭಾರ, ಮತ್ತು ದೇಹದ ತೂಕದಲ್ಲಿ ಕೊಬ್ಬಿನ ಪಾಲು ಅವರಲ್ಲೇ ಹೆಚ್ಚು. ಹೆಣ್ಣುಮಕ್ಕಳ ತಂಡಗಳಲ್ಲಿಯೂ ಅಂಕಿಗಳು ಮೇಲಿದ್ದರೂ ಕ್ರಮ ಇದೇ. ನಿಯಮಿತವಾಗಿ ತರಬೇತಿ ಪಡೆಯುವ ಗಂಡುಮಕ್ಕಳಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 8ರಿಂದ 15ರ ನಡುವೆ ಇರುತ್ತದೆ. ಸೆಂಟರ್‌ಗಳು ಈ ಮೇಲಂಚನ್ನು ದಾಟುವುದು ಅಪರೂಪವಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ಅಂಗಳದಲ್ಲೇ ನೋಡಬಹುದು. ಅಂತರರಾಷ್ಟ್ರೀಯ ನಿಯಮದಂತೆ ಅಂಗಳದ ಉದ್ದ 28 ಮೀಟರ್, ಅಗಲ 15 ಮೀಟರ್. ಹತ್ತು ನಿಮಿಷಗಳ ನಾಲ್ಕು ಅವಧಿಗಳ ಆಟ. ಚೆಂಡನ್ನು ಆ ಉದ್ದಕ್ಕೂ ಪುಟಿಸುತ್ತ ಒಯ್ಯುವವನು, ಎದುರಾಳಿ ಗಾರ್ಡ್‌ನ ಬೆನ್ನು ಬಿಡದೆ ಓಡುವವನು, ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವವನು ಗಾರ್ಡ್. ಅವನ ಮೈಮೇಲೆ ಇರುವ ಪ್ರತಿಯೊಂದು ಹೆಚ್ಚುವರಿ ಕಿಲೋ ಕೊಬ್ಬನ್ನು ಪ್ರತಿ ಓಟದಲ್ಲಿಯೂ ವೇಗಕ್ಕೆ ತರಬೇಕು, ಮತ್ತೆ ತಡೆದು ನಿಲ್ಲಿಸಬೇಕು. ಸೆಂಟರ್‌ನ ಕೆಲಸ ನೆಲದಿಂದ 3.05 ಮೀಟರ್ ಎತ್ತರದ ರಿಂಗಿನ ಕೆಳಗೆ. ಬೆನ್ನೊಡ್ಡಿ ಎದುರಾಳಿಯನ್ನು ತಡೆಯುವುದು, ಗಾರ್ಡ್‌ಗೆ ದಾರಿ ಮಾಡಿಕೊಡಲು ಸ್ಕ್ರೀನ್ ಹಾಕಿ ನಿಲ್ಲುವುದು, ರೀಬೌಂಡ್‌ಗಾಗಿ, ಅಂದರೆ ಗುರಿ ತಪ್ಪಿ ಚಿಮ್ಮಿ ಬರುವ ಚೆಂಡಿಗಾಗಿ, ಮೈಗೆ ಮೈ ತಾಗಿಸಿ ಜಾಗ ಹಿಡಿಯುವುದು, ಇವುಗಳಲ್ಲಿ ದೇಹದ ಭಾರ ನೆರವಿಗೆ ಬರುತ್ತದೆ. ಇದರ ಜೊತೆಗೆ ಆಯ್ಕೆಯ ಮಾತೂ ಇದೆ. ಎತ್ತರದ ಹುಡುಗರು ಸಿಗುವುದೇ ಕಡಿಮೆಯಾದ್ದರಿಂದ, ಓಟದಲ್ಲಿ ಸ್ವಲ್ಪ ನಿಧಾನವಾಗಿದ್ದರೂ ತರಬೇತುದಾರರು ಅವರನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಗಾರ್ಡ್ ಸ್ಥಾನಕ್ಕೆ ಹತ್ತು ಹುಡುಗರು ಪೈಪೋಟಿ ಮಾಡುವುದರಿಂದ ನಿಧಾನವಿರುವವನು ಅಲ್ಲಿ ಮೊದಲೇ ಜಾರಿಹೋಗಿರುತ್ತಾನೆ.

ಆದ್ದರಿಂದ ಸ್ಥಾನವಾರು ಸರಾಸರಿ ಎನ್ನುವುದು ಆಯ್ಕೆಯೂ ಆಟವೂ ಸೇರಿ ಉಂಟುಮಾಡಿದ ಫಲ. ಅದನ್ನು ಒಬ್ಬ ಹುಡುಗನಿಗೆ ಗುರಿಯಾಗಿ ಕೊಡುವುದು ತಪ್ಪು. ಹಾಗೆಂದು ಸೆಂಟರ್‌ಗೆ ಕೊಬ್ಬು ಬೇಕು ಎಂದೂ ನಾನು ಹೇಳುತ್ತಿಲ್ಲ. ಅವನಿಗೆ ಬೇಕಾದದ್ದು ಭಾರ, ಅದರಲ್ಲೂ ಸ್ನಾಯುವಿನ ಭಾರ. ಜಿಗಿಯುವಾಗ ಕೊಬ್ಬು ಅವನಿಗೂ ಹೊರೆಯೇ.

ಈಗ ನಿಮ್ಮದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ನೋಡೋಣ. 88 ಕೆ.ಜಿ.ಯಲ್ಲಿ ಶೇ. 19 ಎಂದರೆ ಸುಮಾರು 16.7 ಕೆ.ಜಿ. ಕೊಬ್ಬು; ಉಳಿದ 71.3 ಕೆ.ಜಿ. ಸ್ನಾಯು, ಮೂಳೆ, ನೀರು, ಒಳಾಂಗಗಳು. ಇದನ್ನು ಕೊಬ್ಬುರಹಿತ ತೂಕ ಎನ್ನುತ್ತಾರೆ. ನಿಮ್ಮ ಗಾರ್ಡ್‌ನಲ್ಲಿ ಕೊಬ್ಬು ಸುಮಾರು 7 ಕೆ.ಜಿ., ಕೊಬ್ಬುರಹಿತ ತೂಕ 57 ಕೆ.ಜಿ. ಅಂದರೆ ತಂಡದಲ್ಲಿ ಅತಿ ಹೆಚ್ಚು ಕೊಬ್ಬಿರುವವನೆಂದು ನೀವು ಗುರುತಿಸಿದ ಹುಡುಗನೇ ಗಾರ್ಡ್‌ಗಿಂತ 14 ಕೆ.ಜಿ. ಹೆಚ್ಚು ಕೊಬ್ಬುರಹಿತ ತೂಕವನ್ನೂ ಹೊತ್ತಿದ್ದಾನೆ. ಎತ್ತರದ ವ್ಯತ್ಯಾಸವನ್ನು ಸರಿದೂಗಿಸಲು ಕೊಬ್ಬುರಹಿತ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸೆಂಟರ್‌ಗೆ 20.6, ಗಾರ್ಡ್‌ಗೆ 19.7 ಬರುತ್ತದೆ. ಶೇಕಡಾವಾರು ಮಾತ್ರ ನೋಡಿದ್ದರೆ ಈ ಹುಡುಗನ ಬಲ ಕಣ್ಣಿಗೇ ಬೀಳುತ್ತಿರಲಿಲ್ಲ.

ಅಮೆರಿಕದ ಪಟ್ಟಿಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮಲ್ಲಿ ವಯಸ್ಕ ಗಂಡಸರ ಸರಾಸರಿ ಎತ್ತರ 165-166 ಸೆಂ.ಮೀ. ಆಸುಪಾಸಿನಲ್ಲಿದೆ. ಹೀಗಾಗಿ ಶಿವಮೊಗ್ಗ ಜಿಲ್ಲೆಯ ಕಾಲೇಜು ತಂಡದಲ್ಲಿ 186 ಸೆಂ.ಮೀ.ನ ಹುಡುಗ ಸೆಂಟರ್ ಆಗುತ್ತಾನೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಅದೇ ಎತ್ತರದವನನ್ನು ಗಾರ್ಡ್ ಆಡಿಸುತ್ತಾರೆ. ಸ್ಥಾನದ ಹೆಸರು ಎರಡೂ ಕಡೆ ಒಂದೇ ಆದರೂ ಅದರ ಹಿಂದಿರುವ ಶರೀರ ಬೇರೆ. ಇದಲ್ಲದೆ, ಒಂದೇ ಎತ್ತರ ಮತ್ತು ತೂಕವಿದ್ದಾಗ ಯುರೋಪ್ ಮೂಲದವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ ಎಂಬುದು ಸ್ಥಿರಪಟ್ಟ ಸಂಗತಿ. ಆ ಪಟ್ಟಿಯನ್ನು ಗೋಡೆಗೆ ಅಂಟಿಸಿ ನಮ್ಮ ಮಕ್ಕಳನ್ನು ಅದರ ಪಕ್ಕ ನಿಲ್ಲಿಸುವುದರಿಂದ ಅವರಿಗೆ ಅನ್ಯಾಯವಾಗುತ್ತದೆ.

ಯಂತ್ರವನ್ನೂ ಪೂರ್ತಿ ನಂಬಬೇಡಿ. ಅದು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಕ್ಷೀಣವಾದ ವಿದ್ಯುತ್ ಹರಿಸಿ, ಎದುರಾಗುವ ತಡೆಯನ್ನು ಅಳೆದು, ಅದರಿಂದ ದೇಹದ ನೀರನ್ನೂ ನೀರಿನಿಂದ ಕೊಬ್ಬನ್ನೂ ಅಂದಾಜಿಸುತ್ತದೆ. ಬೆವರು ಸುರಿಸಿ ನೀರು ಕುಡಿಯದೆ ಹತ್ತಿದವನಿಗೆ ಕೊಬ್ಬು ಹೆಚ್ಚು ಬರುತ್ತದೆ. ಚರ್ಮ ತಣ್ಣಗಿದ್ದರೂ ತಡೆ ಏರುತ್ತದೆ. ಆಷಾಢದ ಮಳೆಯ ಮುಂಜಾನೆ ಅಳೆದ ಅಂಕಿಯನ್ನು ಮಾರ್ಚ್ ತಿಂಗಳ ಅಂಕಿಯೊಂದಿಗೆ ಹೋಲಿಸಲಾಗದು. ವ್ಯಕ್ತಿಗತ ಮಟ್ಟದಲ್ಲಿ ಮೂರು ನಾಲ್ಕು ಶೇಕಡಾ ಅಂಶಗಳ ಏರುಪೇರು ಸಾಮಾನ್ಯವಾದ್ದರಿಂದ, ನಿಮ್ಮ ಸೆಂಟರ್‌ನ ನಿಜವಾದ ಪ್ರಮಾಣ ಶೇ. 15 ಇರಬಹುದು, ಶೇ. 23 ಕೂಡ ಇರಬಹುದು.

ಕೊನೆಯದಾಗಿ ಆರು ವಾರದ ಲೆಕ್ಕ. ಸ್ನಾಯು ಒಂದಿಷ್ಟೂ ಕರಗದೆ ಶೇ. 12ಕ್ಕೆ ಇಳಿಯಬೇಕಾದರೆ ಅವನು 81 ಕೆ.ಜಿ.ಗೆ ಬರಬೇಕು, ಅಂದರೆ 7 ಕೆ.ಜಿ. ಕೊಬ್ಬನ್ನೇ ಕಳೆಯಬೇಕು. ವಾರಕ್ಕೆ ಒಂದು ಕಿಲೋಗಿಂತ ಹೆಚ್ಚು. ಇಷ್ಟು ಅವಸರದಲ್ಲಿ ತೂಕ ಇಳಿಸಿದ ಆಟಗಾರನಲ್ಲಿ ಸ್ನಾಯುವೂ ಕರಗುತ್ತದೆ, ಜಿಗಿತ ಕುಗ್ಗುತ್ತದೆ, ಪೆಟ್ಟುಗಳು ಬೇಗ ಮಾಯುವುದಿಲ್ಲ. ಪಂದ್ಯಾವಳಿ ಮುಗಿಯುವವರೆಗೆ ಅವನ ಊಟವನ್ನು ಕಡಿತಗೊಳಿಸಬೇಡಿ. 20 ಮೀಟರ್ ಓಟದ ಸಮಯ, ನಿಂತಲ್ಲಿಂದ ಜಿಗಿದ ಎತ್ತರ, ಮತ್ತೆ ಮತ್ತೆ ಓಡಿದಾಗ ವೇಗ ಎಷ್ಟು ಕುಸಿಯುತ್ತದೆ, ಇವನ್ನು ಬರೆದಿಡಿ. ನಾಲ್ಕನೆಯ ಅವಧಿಯಲ್ಲಿಯೂ ಅವನು ಹಿಂದಿರುಗಿ ಓಡಿಬಂದು ರಿಂಗಿನಡಿ ನಿಲ್ಲುತ್ತಾನೆಂದಾದರೆ ಶೇ. 19ರ ಚಿಂತೆ ಬೇಡ. ನಿಲ್ಲಲಾಗುತ್ತಿಲ್ಲವಾದರೆ, ಪಂದ್ಯಾವಳಿಯ ನಂತರ ಭಾರ ಎತ್ತುವ ತರಬೇತಿಯನ್ನು ಮುಂದುವರಿಸಿಕೊಂಡೇ ವಾರಕ್ಕೆ ಅರ್ಧ ಕಿಲೋದಂತೆ ಮೂರು ನಾಲ್ಕು ತಿಂಗಳಲ್ಲಿ ಇಳಿಸಿ. ಅದನ್ನೂ ಅವನನ್ನು ಕೂರಿಸಿಕೊಂಡು ಮಾತಾಡಿ, ಅವನ ಒಪ್ಪಿಗೆ ಪಡೆದು ಮಾಡಿ. ಎಲ್ಲರ ಅಂಕಿಗಳನ್ನು ತಂಡದ ಮುಂದೆ ಓದುವ ರೂಢಿ ಇದ್ದರೆ ಅದನ್ನು ಇಂದೇ ನಿಲ್ಲಿಸಿ.

ಪ್ರಶ್ನೆ: ಕೊಪ್ಪದ ಕಾಲೇಜಿನಲ್ಲಿ ಪವರ್ ಫಾರ್ವರ್ಡ್ ಆಗಿ ಆಡುತ್ತೇನೆ. ಆರೋಗ್ಯ ತಪಾಸಣೆಯಲ್ಲಿ ನನ್ನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25.6 ಬಂದು, ಚೀಟಿಯಲ್ಲಿ ‘ಸ್ಥೂಲಕಾಯ’ ಎಂದು ಬರೆದರು. ವಾರಕ್ಕೆ ನಾಲ್ಕು ದಿನ ಭಾರ ಎತ್ತುತ್ತೇನೆ. ಆಟ ಬಿಡಬೇಕೇ?

ಉತ್ತರ: ಆಟವನ್ನು ಬಿಡಬೇಡಿ. ಭಾರತೀಯರಿಗೆ 23ರ ಮೇಲೆ ಅಧಿಕ ತೂಕ, 25ರ ಮೇಲೆ ಸ್ಥೂಲಕಾಯ ಎಂದು ಮಿತಿ ಹಾಕಿದ್ದಾರೆ. ಸಾಮಾನ್ಯ ಜನರಲ್ಲಿ ಮಧುಮೇಹ ಮತ್ತು ಹೃದ್ರೋಗದ ಅಪಾಯವನ್ನು ಬೇಗ ಗುರುತಿಸಲು ಆ ಮಿತಿ ಒಳ್ಳೆಯದೇ. ಆದರೆ ಬಿಎಂಐ ಲೆಕ್ಕಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬ ಭೇದ ತಿಳಿಯದು. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿ. ಗಂಡಸರಲ್ಲಿ ಅದು 90 ಸೆಂ.ಮೀ. ಒಳಗಿದ್ದು, ರಕ್ತದೊತ್ತಡ ಮತ್ತು ಸಕ್ಕರೆ ಸರಿಯಿದ್ದರೆ ಆ ಚೀಟಿಯ ಬಗ್ಗೆ ಕಳವಳ ಬೇಡ.

ಪ್ರಶ್ನೆ: ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಕಾಲೇಜು ತಂಡದ ನಾಯಕ. ಕಡಿಮೆ ಖರ್ಚಿನಲ್ಲಿ, ನಂಬಬಹುದಾದಂತೆ ದೇಹ ಸಂಯೋಜನೆ ಅಳೆಯುವ ದಾರಿ ಯಾವುದು? ಡೆಕ್ಸಾ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಡೆಕ್ಸಾ ಮೂಲತಃ ಮೂಳೆಯ ಸಾಂದ್ರತೆ ನೋಡಲು ಬಂದ ಕ್ಷ-ಕಿರಣ ವಿಧಾನ. ಮೂಳೆ, ಕೊಬ್ಬು, ಉಳಿದ ಮೃದು ಅಂಗಾಂಶ, ಈ ಮೂರನ್ನೂ ಬೇರೆ ಬೇರೆಯಾಗಿ, ಕೈ, ಕಾಲು, ಮುಂಡಗಳ ಮಟ್ಟದಲ್ಲಿ ತೋರಿಸುತ್ತದೆ. ಸಂಶೋಧನೆಗೆ ಅದು ಉತ್ತಮ. ತಂಡದ ದಿನನಿತ್ಯದ ಕೆಲಸಕ್ಕೆ ಅಗತ್ಯವಿಲ್ಲ. ತೀರ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರರು ಆ ಮಂಚದ ಅಳತೆಯ ಗಡಿಯೊಳಗೆ ಹಿಡಿಸುವುದೂ ಇಲ್ಲ, ತಲೆ ಅಥವಾ ಪಾದ ಹೊರಗೆ ಉಳಿಯುತ್ತದೆ.

ಕಾಲೇಜು ತಂಡಕ್ಕೆ ನನ್ನ ಸಲಹೆ ಸ್ಕಿನ್‌ಫೋಲ್ಡ್ ಕ್ಯಾಲಿಪರ್. ಚರ್ಮವನ್ನು ಅದರಡಿಯ ಕೊಬ್ಬಿನ ಸಮೇತ ಎರಡು ಬೆರಳಲ್ಲಿ ಮಡಿಕೆ ಮಾಡಿ ಹಿಡಿದು, ಕ್ಯಾಲಿಪರ್ ಕಚ್ಚಿಸಿ, ಎರಡು ಸೆಕೆಂಡಿನ ನಂತರ ದಪ್ಪವನ್ನು ಮಿಲಿಮೀಟರಿನಲ್ಲಿ ಓದುತ್ತಾರೆ. ತೋಳಿನ ಹಿಂಭಾಗ, ತೋಳಿನ ಮುಂಭಾಗ, ಹೆಗಲ ಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಹೊಕ್ಕುಳ ಪಕ್ಕ, ತೊಡೆ, ಮೀನಖಂಡ, ಹೀಗೆ ಸ್ಥಳಗಳು ನಿಗದಿಯಾಗಿವೆ. ಯಾವಾಗಲೂ ದೇಹದ ಬಲಭಾಗದಲ್ಲಿಯೇ ಅಳೆಯಬೇಕು. ಈ ಮಡಿಕೆಗಳನ್ನು ಶೇಕಡಾವಾರು ಕೊಬ್ಬಾಗಿ ಪರಿವರ್ತಿಸಲು ಸೂತ್ರಗಳಿವೆ. ಇಂದಿಗೂ ಬಳಕೆಯಲ್ಲಿರುವ ಡರ್ನಿನ್ ಮತ್ತು ವೊಮರ್ಸ್ಲಿ ಅವರ 1974ರ ಸೂತ್ರ ಗ್ಲಾಸ್ಗೋದ 481 ಜನರನ್ನು ಅಳೆದು ರೂಪಿಸಿದ್ದು. ಅದು ಮೊದಲು ದೇಹದ ಸಾಂದ್ರತೆಯನ್ನು ಅಂದಾಜಿಸುತ್ತದೆ. ಕೊಬ್ಬಿನ ಸಾಂದ್ರತೆ 0.9, ಉಳಿದುದರದು 1.1 ಎಂದು ಹಿಡಿಯುವ ಸಿರಿ ಅವರ 1961ರ ಸಮೀಕರಣ ಅದನ್ನು ಶೇಕಡಾವಾರಿಗೆ ತಿರುಗಿಸುತ್ತದೆ. ಗ್ಲಾಸ್ಗೋದ ಜನರ ಮೈಕಟ್ಟು ಮಲೆನಾಡಿನ ಇಪ್ಪತ್ತರ ಹರೆಯದ ಆಟಗಾರನಿಗೆ ಹೊಂದಬೇಕೆಂದಿಲ್ಲವಾದ್ದರಿಂದ ನೀವು ಸೂತ್ರದ ಗೋಜಿಗೇ ಹೋಗಬೇಡಿ. ಏಳೂ ಸ್ಥಳಗಳ ಮಿಲಿಮೀಟರುಗಳನ್ನು ಕೂಡಿ ಆ ಮೊತ್ತವನ್ನೇ ಬರೆದಿಡಿ. ಒಬ್ಬರೇ ವ್ಯಕ್ತಿ, ಅದೇ ಹೊತ್ತಿನಲ್ಲಿ, ಅಭ್ಯಾಸಕ್ಕೆ ಮುನ್ನ ಅಳೆಯಲಿ. ತೂಕ ಏರಿ ಮೊತ್ತ ಹಾಗೇ ಉಳಿದರೆ ಸ್ನಾಯು ಕೂಡಿದೆ. ತೂಕ ಇಳಿದು ಮೊತ್ತ ಹಾಗೇ ಉಳಿದರೆ ಸ್ನಾಯು ಕರಗಿದೆ. ನಾಯಕನಾಗಿ ನಿಮಗೆ ಬೇಕಾದ ಸುದ್ದಿ ಇಷ್ಟೇ. ಮಳೆಗಾಲದ ಆರಂಭಕ್ಕೊಮ್ಮೆ, ಕೊನೆಗೊಮ್ಮೆ, ಪಂದ್ಯಾವಳಿಯ ನಂತರ ಇನ್ನೊಮ್ಮೆ ಅಳೆದರೆ ಸಾಕು. ಹುಡುಗಿಯರ ತಂಡವನ್ನು ಮಹಿಳಾ ಸಿಬ್ಬಂದಿಯೇ, ಪ್ರತ್ಯೇಕ ಕೋಣೆಯಲ್ಲಿ, ಅವರ ಒಪ್ಪಿಗೆ ಪಡೆದು ಅಳೆಯಬೇಕು.

ಪ್ರಶ್ನೆ: ತೀರ್ಥಹಳ್ಳಿಯ ವಿದ್ಯಾರ್ಥಿನಿ, 20 ವರ್ಷ, ಕಾಲೇಜು ತಂಡದಲ್ಲಿ ಫಾರ್ವರ್ಡ್. ನನ್ನ ತೂಕ 58 ಕೆ.ಜಿ., ಕೊಬ್ಬು ಶೇ. 24 ಎಂದು ಅಳೆದರು. ಹುಡುಗರಂತೆ ಶೇ. 15ಕ್ಕೆ ಇಳಿಸಿದರೆ ಗಾರ್ಡ್ ಸ್ಥಾನ ಸಿಗುತ್ತದೆಂದು ಹಿರಿಯ ಆಟಗಾರ್ತಿಯೊಬ್ಬರು ಹೇಳಿದರು. ರಾತ್ರಿ ಅನ್ನ ಬಿಟ್ಟಿದ್ದೇನೆ, ಬೆಳಿಗ್ಗೆ ಒಂದೇ ರೊಟ್ಟಿ. 53 ಕೆ.ಜಿ.ಗೆ ಬಂದಿದ್ದೇನೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ಮೊಣಕಾಲ ಕೆಳಗಿನ ಮೂಳೆ ನೋಯುತ್ತಿದೆ. ಮುಂದುವರಿಸಬಹುದೇ?

ಉತ್ತರ: ಮುಂದುವರಿಸಬೇಡಿ. ಇವತ್ತಿನಿಂದಲೇ ರಾತ್ರಿಯ ಅನ್ನವನ್ನು ಮತ್ತೆ ಆರಂಭಿಸಿ, ಈ ವಾರದಲ್ಲೇ ಸ್ತ್ರೀರೋಗ ತಜ್ಞರನ್ನು ಕಾಣಿ. ಕ್ರಮವಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ಅದಕ್ಕೆ ಥೈರಾಯ್ಡ್, ಪಿಸಿಓಎಸ್ ಎಂಬ ಹಾರ್ಮೋನು ತೊಂದರೆ, ಗರ್ಭಧಾರಣೆ ಮೊದಲಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಪರೀಕ್ಷೆ ಅಗತ್ಯ. ಆದರೆ ನೀವು ಬರೆದಿರುವುದನ್ನು ಓದಿದರೆ, ದೇಹಕ್ಕೆ ಬೇಕಾದಷ್ಟು ಆಹಾರ ಸಿಗದೆ ಹೀಗಾಗಿರುವ ಸಾಧ್ಯತೆಯೇ ಹೆಚ್ಚೆಂದು ನನಗನಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟು, ಆಟಗಾರರ ವೈದ್ಯರೆಲ್ಲ ಇದನ್ನು ಗಮನಿಸಬೇಕೆಂದು ಹೇಳಿತು. ಆಹಾರ ಸಾಲದಾದಾಗ ಈಸ್ಟ್ರೋಜೆನ್ ಎಂಬ ಹಾರ್ಮೋನು ಕುಸಿಯುತ್ತದೆ; ಮುಟ್ಟು ನಿಲ್ಲುತ್ತದೆ; ಮೂಳೆ ಸವೆಯುತ್ತದೆ. ಇಪ್ಪತ್ತರ ವಯಸ್ಸು ಮೂಳೆ ಇನ್ನೂ ಗಟ್ಟಿಯಾಗುತ್ತಿರುವ ಕಾಲ. ನಿಮ್ಮ ಕಾಲಿನ ಮೂಳೆಯ ನೋವು ಸಣ್ಣ ಬಿರುಕಿನ ಸೂಚನೆಯಾಗಿರಬಹುದಾದ್ದರಿಂದ ವೈದ್ಯರು ನೋಡುವವರೆಗೆ ಓಟ, ಜಿಗಿತ ಎರಡನ್ನೂ ನಿಲ್ಲಿಸಿ. ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಹುಡುಗರ ಅಂಕಿ ನಿಮಗೆ ಅನ್ವಯಿಸುವುದೇ ಇಲ್ಲ. ಬದುಕಿಗೆ ಅತ್ಯಗತ್ಯವಾದ ಕೊಬ್ಬು ಗಂಡಸರಲ್ಲಿ ಸುಮಾರು ಶೇ. 3, ಹೆಂಗಸರಲ್ಲಿ ಸುಮಾರು ಶೇ. 12. ಕಾಲೇಜು ಮಟ್ಟದ ಆಟಗಾರ್ತಿಯರಲ್ಲಿ ಶೇ. 20ರಿಂದ 25 ತೀರ ಸಹಜ. ನಿಮ್ಮ ಶೇ. 24 ಆರೋಗ್ಯವಂತ ಆಟಗಾರ್ತಿಯ ಅಂಕಿಯೇ ಆಗಿತ್ತು. ಲೆಕ್ಕ ಹೇಳುವುದಾದರೆ, ಆಗ ನಿಮ್ಮ ಕೊಬ್ಬುರಹಿತ ತೂಕ ಸುಮಾರು 44 ಕೆ.ಜಿ. ಆಟಕ್ಕೆ ಖರ್ಚಾಗುವುದನ್ನು ಬಿಟ್ಟು, ಅದರ ಪ್ರತಿ ಕಿಲೋಗೆ ದಿನಕ್ಕೆ 45 ಕಿಲೋಕ್ಯಾಲರಿಯಂತೆ ಸುಮಾರು 2000 ಬೇಕು. ಅಭ್ಯಾಸದ ಖರ್ಚು 400 ಎಂದು ಹಿಡಿದರೆ ಒಟ್ಟು 2400. ಒಂದು ರೊಟ್ಟಿ ಮತ್ತು ಮಧ್ಯಾಹ್ನದ ಊಟದಿಂದ ಇದರ ಅರ್ಧವೂ ಒದಗುವುದು ಕಷ್ಟ. ಗಾರ್ಡ್ ಆಗಲು ಬೇಕಾದದ್ದು ಎರಡೂ ಕೈಯಲ್ಲಿ ಚೆಂಡು ಪುಟಿಸುವ ಹಿಡಿತ, ತಲೆಯೆತ್ತಿ ಅಂಗಳ ನೋಡುವ ಅಭ್ಯಾಸ, ಸರಿಯಾದ ಹೊತ್ತಿಗೆ ಪಾಸ್ ಕೊಡುವ ತಿಳಿವಳಿಕೆ. ಕಾಲು ಗುಣವಾದ ಮೇಲೆ ಅವನ್ನು ಕಲಿಯಿರಿ. ಈ ಪತ್ರವನ್ನು ನಿಮ್ಮ ಅಮ್ಮನಿಗೆ ಅಥವಾ ನೀವು ನಂಬುವ ಅಧ್ಯಾಪಕಿಗೆ ತೋರಿಸಿ, ಒಬ್ಬರೇ ಇದನ್ನು ಹೊತ್ತು ತಿರುಗಬೇಡಿ.

ಪ್ರಶ್ನೆ: ಹೊಸನಗರದ ಹಳ್ಳಿಯೊಂದರಲ್ಲಿ ಅಡಿಕೆ ಬೆಳೆಗಾರ ನಾನು. ಮಗನಿಗೆ 19 ವರ್ಷ, 190 ಸೆಂ.ಮೀ. ಎತ್ತರ, 70 ಕೆ.ಜಿ. ತೂಕ. ಕಾಲೇಜಿನಲ್ಲಿ ಸೆಂಟರ್ ಆಡಿಸುತ್ತಾರೆ, ಎಲ್ಲರೂ ತಳ್ಳಿಬಿಡುತ್ತಾರಂತೆ. ಡಬ್ಬದ ಪುಡಿ ಕೇಳುತ್ತಿದ್ದಾನೆ. ಮನೆಯಲ್ಲಿ ಸಸ್ಯಾಹಾರ, ಮೊಟ್ಟೆಯನ್ನು ಹೊರಗೆ ತಿನ್ನುತ್ತಾನೆ. ಏನು ಕೊಡಬೇಕು?

ಉತ್ತರ: ಪುಡಿಯ ಅಗತ್ಯ ಸದ್ಯಕ್ಕಿಲ್ಲ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು; ಸ್ನಾಯು ಬೆಳೆಸುವ ಆಟಗಾರನಿಗೆ ಸುಮಾರು 1.6 ಗ್ರಾಂ ಬೇಕು. ನಿಮ್ಮ ಮಗನಿಗೆ ಅದು 112 ಗ್ರಾಂ. ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 19, ಕಾಲು ಕಿಲೋ ಮೊಸರಿನಿಂದ 8, ಐವತ್ತು ಗ್ರಾಂ ಶೇಂಗಾದಿಂದ 12, ನೂರು ಗ್ರಾಂ ಒಣಕಾಳಿನಿಂದ 22, ಸಾರಿಗೆ ಹಾಕುವ ನಲವತ್ತು ಗ್ರಾಂ ತೊಗರಿಬೇಳೆಯಿಂದ 9, ದಿನಕ್ಕೆ ರೊಟ್ಟಿ, ಕಡುಬು, ಅನ್ನ ಎಲ್ಲ ಸೇರಿ 350 ಗ್ರಾಂ ಅಕ್ಕಿಯಿಂದ 25 ಗ್ರಾಂ ಸಿಗುತ್ತದೆ. ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ನಮ್ಮ ಮನೆಗಳಲ್ಲಿ ಹುರುಳಿ ಬೇಯಿಸಿ, ಕಟ್ಟಿನಿಂದ ಸಾರು ಮಾಡಿ, ಕಾಳನ್ನು ದನಕ್ಕೆ ಹಾಕುವ ರೂಢಿಯಿದೆ. ಪ್ರೋಟೀನಿನ ಹೆಚ್ಚಿನ ಪಾಲು ಆ ಕಾಳಿನಲ್ಲೇ ಉಳಿದಿರುವುದರಿಂದ ಮಗನ ಪಾಲಿನದನ್ನು ಪಲ್ಯ ಮಾಡಿ ಬಡಿಸಿ. ಬೆಳಗಿನ ರೊಟ್ಟಿಗೆ ಬರೀ ಚಟ್ನಿಯ ಬದಲು ಹೆಸರು ಅಥವಾ ಅಲಸಂದೆ ಕಾಳಿನ ಪಲ್ಯ ಇರಲಿ, ಮೇಲೆ ಬೆಣ್ಣೆಯೂ ಇರಲಿ. ಅಭ್ಯಾಸ ಮುಗಿಸಿ ಬಂದ ಕೂಡಲೇ ಹಾಲು, ಎರಡು ಬಾಳೆಹಣ್ಣು, ಹಿಡಿ ಶೇಂಗಾ ಕೊಡಿ.

ತಿಂದದ್ದು ಸ್ನಾಯುವಾಗಬೇಕಾದರೆ ಭಾರ ಎತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಸಿಮೆಂಟ್ ಅಂಗಳಗಳು ಪಾಚಿಗಟ್ಟಿ ಜಾರುವುದರಿಂದ ಆಟ ಹೇಗೂ ಕುಂಠಿತವಾಗುತ್ತದೆ. ಆ ನಾಲ್ಕು ತಿಂಗಳನ್ನು ಕಾಲೇಜಿನ ವ್ಯಾಯಾಮಶಾಲೆಯಲ್ಲಿ ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಪುಲ್ ಅಪ್‌ಗಳಿಗೆ ಬಳಸಲಿ. ಕ್ರಮ ಕಲಿಸುವವರ ಕಣ್ಣೆದುರು, ಕಡಿಮೆ ಭಾರದಿಂದ ಶುರುಮಾಡಲಿ. ಇಷ್ಟು ಎತ್ತರದ ಹುಡುಗನ ಮೈ ಇಪ್ಪತ್ತೈದರವರೆಗೂ ತುಂಬಿಕೊಳ್ಳುತ್ತಲೇ ಇರುತ್ತದೆ. ಅದುವರೆಗೆ ಅವನನ್ನು ರಿಂಗಿನಡಿ ಮಾತ್ರ ನಿಲ್ಲಿಸದೆ, ಹೊರಗಿನಿಂದ ಎಸೆಯುವ ಫಾರ್ವರ್ಡ್ ಆಗಿಯೂ ಆಡಿಸುವಂತೆ ತರಬೇತುದಾರರನ್ನು ಕೇಳಿಕೊಳ್ಳಿ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ. ಕಾಲು ಕಿಲೋದಿಂದ ಅರ್ಧ ಕಿಲೋ ಏರಿದರೆ ಸರಿಯಾದ ವೇಗ. ಎರಡು ವಾರ ಏರದಿದ್ದರೆ ರಾತ್ರಿ ಇನ್ನೊಂದು ಲೋಟ ಹಾಲು, ಇನ್ನೊಂದು ಹಿಡಿ ಅಕ್ಕಿಯ ಅನ್ನ ಸೇರಿಸಿ; ಸೊಂಟದ ಪಟ್ಟಿ ಬಿಗಿಯಾಗುತ್ತ ಬಂದರೆ ಅಷ್ಟನ್ನು ಕಡಿಮೆ ಮಾಡಿ.